ನೊರೆಯ ಗುಟ್ಟು ನಲ್ಲಿಯ ಮೂತಿಯಲ್ಲಿ

ಒಂದೇ ಕೆಗ್ (ಬಿಯರ್ ತುಂಬುವ ಲೋಹದ ಪೀಪಾಯಿ), ಒಂದೇ ಗ್ಯಾಸ್ ಸಿಲಿಂಡರ್, ಒಂದೇ ಕೊಳವೆ. ತುದಿಗೆ ಮಾತ್ರ ಎರಡು ಬಗೆಯ ನಲ್ಲಿ. ಮಾಮೂಲಿ ನಲ್ಲಿಯನ್ನು ತೆರೆದರೆ ಕಪ್ಪು ಸ್ಟೌಟ್ ಬಿಯರ್ ಬುಸ್ಸೆಂದು ನುಗ್ಗಿ ಬರುತ್ತದೆ. ಮೇಲೆ ದಪ್ಪ ಗುಳ್ಳೆಗಳ ನೊರೆ ಒಂದಿಷ್ಟು ಕಾಣಿಸಿ, ನೋಡನೋಡುತ್ತಲೇ ಇಳಿದುಹೋಗುತ್ತದೆ. ಉಳಿಯುವುದು ಸಪ್ಪೆ ಪಾನೀಯ. ಪಕ್ಕದ ಉದ್ದ ಮೂತಿಯ ನಲ್ಲಿಯನ್ನು ಎಳೆದರೆ ಗ್ಲಾಸಿನ ತುಂಬ ತಿಳಿಗಂದು ಮೋಡ ಏಳುತ್ತದೆ. ಗುಳ್ಳೆಗಳು ಗಾಜಿನ ಅಂಚಿನಲ್ಲಿ ಕೆಳಗೆ ಇಳಿಯುತ್ತಿರುವಂತೆ ಕಾಣುತ್ತವೆ. ಒಂದೆರಡು ನಿಮಿಷದಲ್ಲಿ ಕೆಳಗೆ ಕಪ್ಪು, ಮೇಲೆ ಕೆನೆ ಎಂದು ಎರಡೂ ಬೇರ್ಪಡುತ್ತವೆ. ಕೊನೆಯ ಗುಟುಕಿನವರೆಗೂ ಆ ಕೆನೆ ಗ್ಲಾಸಿಗೆ ಅಂಟಿಕೊಂಡೇ ಇರುತ್ತದೆ.

ಎರಡನೆಯದೇ ನೈಟ್ರೋ ನಲ್ಲಿ, ಅಥವಾ ಸ್ಟೌಟ್ ನಲ್ಲಿ. ಐರ್ಲೆಂಡ್, ಇಂಗ್ಲೆಂಡಿನ ಪಬ್ಬುಗಳಲ್ಲಿ ಹುಟ್ಟಿದ ಈ ಉಪಕರಣ ಇಂದು ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರ ಗ್ಯಾರೇಜುಗಳಿಗೂ ಬಂದಿದೆ. ಅಲ್ಲಿ ಹವ್ಯಾಸಕ್ಕಾಗಿ ಬಿಯರ್ ತಯಾರಿಸಲು ಅವಕಾಶ ಕೊಡುವ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. 1979ರಿಂದ ಅದು ಜಾರಿಗೆ ಬಂತು. ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿನವರಿದ್ದರೆ 200 ಗ್ಯಾಲನ್ ಮಿತಿ. ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಮಾತ್ರ ಇದಕ್ಕೆ ಒಪ್ಪಿದ್ದು 2013ರಲ್ಲಿ. ಹಳೆಯ ಫ್ರಿಜ್ಜಿನ ಬಾಗಿಲಿಗೆ ತೂತು ಕೊರೆದು, ಒಳಗೆ ತಂಪು ಪಾನೀಯದ ಕಂಪನಿಗಳು ಬಳಸಿ ಬಿಟ್ಟ 19 ಲೀಟರಿನ ಕೆಗ್ ಇಟ್ಟು, ಹೊರಗೆ ನಲ್ಲಿ ಜೋಡಿಸಿಕೊಳ್ಳುವುದು ಈ ಹವ್ಯಾಸಿಗಳ ಪರಿಪಾಠ. ನೈಟ್ರೋ ನಲ್ಲಿ ಮಾಮೂಲಿ ನಲ್ಲಿಗಿಂತ ದುಬಾರಿ. ಹಾಗಾಗಿ ಹಳೆಯದನ್ನು ಕೊಂಡು ರಿಪೇರಿ ಮಾಡುವವರು ಬಹಳ. ಹಳೆಯದನ್ನು ಸರಿಮಾಡಿ ಬಳಸಬೇಕೇ, ಹೊಸದಕ್ಕೆ ಹೋಗಬೇಕೇ? ಹಿತ್ತಾಳೆಯದೋ, ಸ್ಟೀಲಿನದೋ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನಲ್ಲಿಯ ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಗಣಿತಜ್ಞ ತಂದ ಗ್ಯಾಸು

ಬಿಯರಿನಲ್ಲಿ ಸಹಜವಾಗಿ ಇರುವುದು ಇಂಗಾಲದ ಡೈಆಕ್ಸೈಡ್. ಯೀಸ್ಟ್ ಸಕ್ಕರೆಯನ್ನು ತಿಂದು ಬಿಡುವ ಅನಿಲ ಅದು. ನಾಲಿಗೆಗೆ ಚುರುಕು ಮುಟ್ಟಿಸುವುದೂ ಅದೇ. ಡಬ್ಲಿನ್‌ನ ಗಿನ್ನೆಸ್ ಕಂಪನಿಯ ಸ್ಟೌಟನ್ನು ಹಿಂದೆ ಐರ್ಲೆಂಡಿನ ಪಬ್ಬುಗಳಲ್ಲಿ ಎರಡು ಪೀಪಾಯಿಗಳಿಂದ ಬೆರೆಸಿ ಕೊಡುತ್ತಿದ್ದರು. ಒಂದರಲ್ಲಿ ಇನ್ನೂ ಬುರುಗು ತುಂಬಿದ ಎಳೆಯ ಬಿಯರ್, ಇನ್ನೊಂದರಲ್ಲಿ ಶಾಂತವಾದದ್ದು. ಎಷ್ಟು ಬೆರೆಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಕೈಪಳಗಿದವರಿಗೇ ಗೊತ್ತು. ಊರೂರಿಗೂ ಕೆಗ್ಗಿನಲ್ಲಿ ಬಿಯರ್ ಕಳಿಸಬೇಕೆಂದರೆ ಇಂಥ ಕೈಚಳಕವನ್ನು ನೆಚ್ಚಿಕೊಂಡು ಕೂರುವಂತಿರಲಿಲ್ಲ.

ಈ ತೊಡಕನ್ನು ಬಿಡಿಸಿದವರು ಮೈಕಲ್ ಆ್ಯಶ್. ಕೇಂಬ್ರಿಡ್ಜಿನಲ್ಲಿ ಗಣಿತ ಓದಿ ಗಿನ್ನೆಸ್ ಸೇರಿದವರು. ಬಿಯರನ್ನು ತಳ್ಳಲು ಇಂಗಾಲದ ಡೈಆಕ್ಸೈಡ್ ಒಂದನ್ನೇ ಬಳಸದೆ ಅದರ ಜೊತೆ ಸಾರಜನಕವನ್ನು, ಅಂದರೆ ನೈಟ್ರೋಜನ್ನನ್ನು, ಬೆರೆಸುವ ಏರ್ಪಾಡನ್ನು ಅವರು ಮುಂದಿಟ್ಟರು. ಕಂಪನಿಗೆ ಇನ್ನೂರು ವರ್ಷ ತುಂಬಿದ 1959ರಲ್ಲಿ ಈ ಹೊಸ ಡ್ರಾಫ್ಟ್ ಸ್ಟೌಟ್ ಮಾರುಕಟ್ಟೆಗೆ ಬಂತು. ಅದೇ ನೊರೆಯನ್ನು ಡಬ್ಬಿಯೊಳಗೂ ತರಿಸುವ 'ವಿಜೆಟ್' ಎಂಬ ಪುಟ್ಟ ಪ್ಲಾಸ್ಟಿಕ್ ಸಾಧನ ಅಂಗಡಿಗೆ ಬಂದದ್ದು 1988ರಲ್ಲಿ.

ಎರಡು ಅನಿಲಗಳ ಸ್ವಭಾವ ತೀರ ಬೇರೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ನೈಟ್ರೋಜನ್ ಕರಗುವುದೇ ಇಲ್ಲ ಎಂಬಷ್ಟು ಕಡಿಮೆ, ಹೆಚ್ಚುಕಡಿಮೆ ಅದರ ಐವತ್ತರಲ್ಲಿ ಒಂದು ಪಾಲು. ಒತ್ತಡ ಹಾಕಿ ಅಷ್ಟಿಷ್ಟು ಕರಗಿಸಿದ ನೈಟ್ರೋಜನ್ ಒತ್ತಡ ಇಳಿದ ಕೂಡಲೇ ಸಣ್ಣಸಣ್ಣ ಗುಳ್ಳೆಗಳಾಗಿ ಹೊರಬೀಳುತ್ತದೆ. ದ್ರವದಲ್ಲಿ ಅಷ್ಟಾಗಿ ಕರಗದ ಅನಿಲವಾದ್ದರಿಂದ ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ಅದು ಸುಲಭವಾಗಿ ದಾಟಲಾರದು. ಹಾಗಾಗಿ ಸಣ್ಣ ಗುಳ್ಳೆಗಳು ಕರಗಿ ದೊಡ್ಡವು ಉಬ್ಬುವ ಕೆಲಸ ನಿಧಾನವಾಗುತ್ತದೆ. ಸುತ್ತಲಿನ ಗಾಳಿಯಲ್ಲೂ ಶೇ 78ರಷ್ಟು ನೈಟ್ರೋಜನ್ನೇ ಇರುವುದರಿಂದ ಗುಳ್ಳೆಯಿಂದ ಹೊರಗೆ ಸೋರುವ ಅವಸರವೂ ಅದಕ್ಕಿಲ್ಲ. ನೊರೆ ಕೆನೆಯಂತೆ ನಿಲ್ಲುವುದು ಇದರಿಂದಲೇ.

ಗುಳ್ಳೆಗಳು ಕೆಳಗಿಳಿಯುವ ನೋಟಕ್ಕೂ ಕಾರಣವಿದೆ. ಗ್ಲಾಸಿನ ನಡುವೆ ಗುಳ್ಳೆಗಳ ದಂಡು ಮೇಲೇರುವಾಗ ದ್ರವವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಮೇಲೆ ಹೋದ ದ್ರವ ಅಂಚಿನ ಗುಂಟ ಕೆಳಗೆ ಬರಲೇಬೇಕು. ಬರುವಾಗ ಅಲ್ಲಿನ ಪುಟ್ಟ ಗುಳ್ಳೆಗಳನ್ನು ತನ್ನೊಂದಿಗೆ ಕೆಳಗೆ ಸೆಳೆಯುತ್ತದೆ. ಬುಡ ಕಿರಿದು, ಬಾಯಿ ಅಗಲವಾದ ಗ್ಲಾಸಿನ ಆಕಾರವೇ ಈ ಸುತ್ತಾಟಕ್ಕೆ ದಾರಿ ಮಾಡಿಕೊಡುತ್ತದೆ ಎಂದು ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು 2012ರಲ್ಲಿ ತೋರಿಸಿಕೊಟ್ಟರು.

ಮುಕ್ಕಾಲು ಪಾಲಿನ ಲೆಕ್ಕ

ಸ್ಟೌಟಿಗೆ ಬಳಸುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಶೇ 75 ನೈಟ್ರೋಜನ್, ಶೇ 25 ಇಂಗಾಲದ ಡೈಆಕ್ಸೈಡ್ ಇರುತ್ತದೆ. ರೆಗ್ಯುಲೇಟರನ್ನು 30ರಿಂದ 35 ಪಿಎಸ್‌ಐಗೆ (ಚದರ ಅಂಗುಲಕ್ಕೆ ಅಷ್ಟು ಪೌಂಡ್ ಒತ್ತಡಕ್ಕೆ) ಇಡುತ್ತಾರೆ. ಮಾಮೂಲಿ ಬಿಯರಿಗೆ 10ರಿಂದ 12 ಪಿಎಸ್‌ಐ ಸಾಕಾಗುವಾಗ ಇಲ್ಲಿ ಮೂರು ಪಟ್ಟು ಏಕೆ? ಲೆಕ್ಕ ಹಾಕಿದರೆ ತಿಳಿಯುತ್ತದೆ. ಮೀಟರಿನ 35ಕ್ಕೆ ವಾತಾವರಣದ ಒತ್ತಡ 14.7 ಸೇರಿಸಿದರೆ ಒಟ್ಟು ಸುಮಾರು 50. ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಕಾಲು ಭಾಗ, ಅಂದರೆ ಹನ್ನೆರಡೂವರೆ. ಇದು ಬರೀ ವಾತಾವರಣದ ಒತ್ತಡಕ್ಕಿಂತಲೂ ಕಡಿಮೆ. 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಷ್ಟು ಒತ್ತಡಕ್ಕೆ ಒಂದು ಲೀಟರ್ ಬಿಯರಿನಲ್ಲಿ ಕರಗುವುದು ಸುಮಾರು 1.2 ಲೀಟರ್ ಅನಿಲ. ಸ್ಟೌಟಿಗೆ ಬೇಕಾದದ್ದೂ ಅಷ್ಟೇ. ಮಾಮೂಲಿ ಬಿಯರಿನಲ್ಲಿ ಇದರ ಎರಡರಷ್ಟು ಇರುತ್ತದೆ.

ಅದೇ 35 ಪಿಎಸ್‌ಐಗೆ ಬರೀ ಇಂಗಾಲದ ಡೈಆಕ್ಸೈಡ್ ಕೊಟ್ಟರೆ ಲೀಟರಿಗೆ ಐದು ಲೀಟರಿನ ಹತ್ತಿರ ಅನಿಲ ಕರಗಿ, ನಲ್ಲಿ ತೆರೆದರೆ ನೊರೆಯಲ್ಲದೆ ಬೇರೇನೂ ಬರುವುದಿಲ್ಲ. ನೈಟ್ರೋಜನ್ ಬೆರೆಸುವ ಉಪಾಯದ ಹೆಚ್ಚುಗಾರಿಕೆ ಇದು: ತಳ್ಳಲು ಬೇಕಾದ ಜೋರಾದ ಒತ್ತಡವೂ ಸಿಗುತ್ತದೆ, ಬಿಯರಿನ ಮೃದುತನವೂ ಕೆಡುವುದಿಲ್ಲ.

ಸಿಲಿಂಡರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನೊಳಗೆ ದ್ರವವಾಗಿ ಕೂತಿರುತ್ತದೆ, ಒತ್ತಡ 800 ಪಿಎಸ್‌ಐ ಆಸುಪಾಸು. ಮಿಶ್ರ ಅನಿಲ ಅನಿಲವಾಗಿಯೇ ಇರುತ್ತದೆ, ತುಂಬಿದಾಗ ಒತ್ತಡ 2000 ಪಿಎಸ್‌ಐವರೆಗೂ ಹೋಗುತ್ತದೆ. ಆದ್ದರಿಂದ ಅಮೆರಿಕದಲ್ಲಿ ಎರಡರ ವಾಲ್ವ್ ಜೋಡಣೆಯನ್ನೇ ಬೇರೆ ಮಾಡಿದ್ದಾರೆ. ಒಂದರ ರೆಗ್ಯುಲೇಟರ್ ಇನ್ನೊಂದಕ್ಕೆ ಕೂರುವುದಿಲ್ಲ. ಹೇಗೋ ಒಂದು ಅಡಾಪ್ಟರ್ ಹುಡುಕಿ ಕೂರಿಸುವ ಸಾಹಸಕ್ಕೆ ಇಳಿಯಬಾರದು. ದ್ರವ ರೂಪದ ದಾಸ್ತಾನು ಇಲ್ಲವಾದ್ದರಿಂದ ಮಿಶ್ರ ಅನಿಲದ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಯಾವುದೇ ಸಿಲಿಂಡರ್ ಆಗಲಿ, ಉರುಳದಂತೆ ಸರಪಳಿ ಕಟ್ಟಿ, ಗಾಳಿಯಾಡುವ ಕಡೆ ಇಡಬೇಕು.

ಐದು ತೂತಿನ ಬಿಲ್ಲೆ

ಕೆಗ್ಗಿನಲ್ಲಿ ಒತ್ತಡದಿಂದ ಕರಗಿ ಕೂತ ನೈಟ್ರೋಜನ್ನನ್ನು ಒಮ್ಮೆಗೇ ಹೊರಡಿಸುವುದು ನಲ್ಲಿಯ ಕೆಲಸ. ಫಿಲ್ಟರ್ ಕಾಫಿಯನ್ನು ಲೋಟದಿಂದ ದವರಕ್ಕೆ ಎತ್ತಿ ಸುರಿದು ಬುರುಗು ಬರಿಸುವವರ ಕೈ ಮಾಡುವ ಕೆಲಸವನ್ನು ಇಲ್ಲಿ ಬಟನ್ನಿನಷ್ಟೇ ದೊಡ್ಡ ಸ್ಟೀಲ್ ಬಿಲ್ಲೆಯೊಂದು ಮಾಡುತ್ತದೆ. ನಲ್ಲಿಯ ಉದ್ದ ಮೂತಿಯನ್ನು ತಿರುಗಿಸಿ ಬಿಚ್ಚಿದರೆ ಅದು ಕಾಣುತ್ತದೆ. ಅದರಲ್ಲಿ ಸಾಮಾನ್ಯವಾಗಿ ಐದು ಸಣ್ಣ ತೂತುಗಳು. 35 ಪಿಎಸ್‌ಐಯಲ್ಲಿ ನುಗ್ಗಿ ಬಂದ ಬಿಯರ್ ಈ ಕಿಂಡಿಗಳಲ್ಲಿ ಹಿಸುಕಿಕೊಂಡು ದಾಟುವಾಗ ಒತ್ತಡ ಥಟ್ಟನೆ ಕುಸಿಯುತ್ತದೆ, ಹರಿವು ಅಲ್ಲೋಲಕಲ್ಲೋಲವಾಗುತ್ತದೆ, ಲೆಕ್ಕವಿಲ್ಲದಷ್ಟು ಗುಳ್ಳೆಗಳು ಅಲ್ಲೇ ಹುಟ್ಟುತ್ತವೆ. ಬಿಲ್ಲೆಯ ಜೊತೆಗೆ ಪ್ಲಾಸ್ಟಿಕ್ಕಿನ ಒಂದು ತುಣುಕು ಇರುತ್ತದೆ. ಹರಿವನ್ನು ನೇರವಾಗಿಡುವುದು ಅದರ ಪಾಲಿನ ಕೆಲಸ.

ಮಾಮೂಲಿ ಬಿಯರಿನ ವ್ಯವಸ್ಥೆಯಲ್ಲಿ ಕೊಳವೆ ಎಷ್ಟು ಉದ್ದ, ಎಷ್ಟು ಸಪೂರ ಎಂಬುದರ ಮೇಲೆ ಹರಿವಿನ ವೇಗ ನಿಂತಿರುತ್ತದೆ. ನೈಟ್ರೋದಲ್ಲಿ ಆ ತಡೆ ಇರುವುದೇ ನಲ್ಲಿಯೊಳಗೆ. ಹೀಗಾಗಿ ಕೊಳವೆ ಒಂದೆರಡು ಅಡಿ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಬಿಲ್ಲೆ ಮಾತ್ರ ಸರಿಯಿರಬೇಕು.

ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಹಳೆಯ ನಲ್ಲಿಗೆ ಕೈಹಾಕುವ ಮೊದಲು ಗ್ಯಾಸ್ ನಿಲ್ಲಿಸಿ, ಕೆಗ್ಗಿನ ಸುರಕ್ಷಾ ವಾಲ್ವ್ ಎತ್ತಿ ಒತ್ತಡ ಇಳಿಸಿ, ಬಿಯರಿನ ಕೊಳವೆ ಕಳಚಿ, ಕೊನೆಗೆ ನಲ್ಲಿಯನ್ನು ಒಮ್ಮೆ ತೆರೆದು ಉಳಿದದ್ದನ್ನು ಹೊರಬಿಡಬೇಕು. ಈ ಕ್ರಮ ತಪ್ಪಿದರೆ ಗೋಡೆಗೆ, ಮುಖಕ್ಕೆ ಸ್ಟೌಟಿನ ಅಭಿಷೇಕವಾಗುತ್ತದೆ.

ಅಮೆರಿಕದ ನಲ್ಲಿಗಳನ್ನು ಬಿಚ್ಚಲು ಮೊಳೆಯಂತಹ ತುದಿಯುಳ್ಳ ವಿಶೇಷ ಪಾನಾ ಸಿಗುತ್ತದೆ. ನಲ್ಲಿಯನ್ನು ಹಿಡಿದಿರುವ ಬಳೆ ಇರುವುದು ಹಿಂಬದಿಯ ಕೊಳವೆಗೆ. ಆದ್ದರಿಂದ ಎದುರಿಗೆ ನಿಂತು ಬಿಚ್ಚುವವರು ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಅಭ್ಯಾಸಬಲದಿಂದ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತಲೇ ಹೋಗುತ್ತದೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದೇ ಭಾಗವನ್ನು ಕಳಚಿದ ಕ್ರಮದಲ್ಲೇ ಸಾಲಾಗಿ ಇಟ್ಟು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಜಾಣತನ. ಮೇಲಿನ ಹಿಡಿ, ಅದರ ಕೆಳಗಿನ ಬಳೆ, ಹಿಡಿಯ ಕಡ್ಡಿ, ಕಡ್ಡಿಯ ಗುಂಡಿಗೆ ಆತುಕೊಂಡ ವಾಷರುಗಳು, ಅವುಗಳ ಹಿಂದೆ ಶಾಫ್ಟ್, ಶಾಫ್ಟಿನ ತಲೆಗೆ ರಬ್ಬರಿನ ಸೀಟ್ ವಾಷರ್. ಕೆಳಗಡೆ ಮೂತಿ, ಬಿಲ್ಲೆ, ಪ್ಲಾಸ್ಟಿಕ್ ತುಣುಕು. ಇಷ್ಟೇ ಸಂಸಾರ.

ಬಹುಕಾಲ ಬಳಸಿ ತೊಳೆಯದೆ ಬಿಟ್ಟ ನಲ್ಲಿಯಾದರೆ ಮೂತಿಯ ಒಳಗೋಡೆಯಲ್ಲಿ ಕಂದು ಲೋಳೆ ಬೆರಳಿಗೆ ಹತ್ತುತ್ತದೆ, ಹುಳಿ ವಾಸನೆ ಬರುತ್ತದೆ. ಶಾಫ್ಟಿನ ಮೇಲೆ ಉಗುರಿಗೆ ತರಿತರಿಯಾಗಿ ಸಿಗುವ ಬೂದು ಪದರ ಬೇರೆ. ಅದು ಬಿಯರಿನ ಕಲ್ಲು, ಮುಖ್ಯವಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಲೋಳೆ ಕ್ಷಾರಕ್ಕೆ ಬಿಡುತ್ತದೆ, ಕಲ್ಲು ಆಮ್ಲಕ್ಕೆ. ಆದ್ದರಿಂದ ತೊಳೆಯುವುದು ಎರಡು ಸುತ್ತು. ಮೊದಲು ಬಿಯರ್ ಉಪಕರಣಗಳಿಗೆಂದೇ ಮಾರುವ ಕ್ಷಾರದ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಎಲ್ಲ ಭಾಗಗಳನ್ನೂ ಅರ್ಧ ಗಂಟೆ ನೆನೆಹಾಕಿ, ನೈಲಾನ್ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆಯಬೇಕು. ಆಮೇಲೆ ಆಮ್ಲದ ಕ್ಲೀನರ್, ಮತ್ತೆ ನೀರು. ಬಟ್ಟೆಗೆ ಹಾಕುವ ಬ್ಲೀಚ್ ಇಲ್ಲಿ ಬೇಡವೇ ಬೇಡ. ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲಿನ ಮೈಯನ್ನು ಕುಳಿಕುಳಿಯಾಗಿ ತಿನ್ನುತ್ತದೆ. ಆಮ್ಲಕ್ಕೇನಾದರೂ ಬೆರೆತರೆ ವಿಷಾನಿಲವೇ ಏಳುತ್ತದೆ.

ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಐದೂ ಚುಕ್ಕಿಗಳು ಒಂದೇ ಸಮ ಹೊಳೆಯಬೇಕು. ಒಂದು ಮಬ್ಬಾಗಿದ್ದರೆ ಅಲ್ಲಿ ಕಲ್ಲು ಕೂತಿದೆ ಎಂದೇ ಅರ್ಥ. ಸೂಜಿ, ಪಿನ್ನು ಹಾಕಿ ಚುಚ್ಚುವ ಆಸೆಯಾಗುವುದು ಸಹಜ. ಆದರೆ ತೂತಿನ ಅಂಚು ಗೀಚಿದರೆ, ಕೂದಲೆಳೆಯಷ್ಟು ಅಗಲವಾದರೂ ಸಾಕು, ಧಾರೆಯ ನಡೆ ಬದಲಾಗುತ್ತದೆ. ಇನ್ನೊಮ್ಮೆ ಆಮ್ಲದಲ್ಲಿ ನೆನೆಸಿ ನೈಲಾನ್ ಎಳೆಯಿಂದ ಬಿಡಿಸುವುದೇ ಸರಿ.

ರಬ್ಬರಿನ ಭಾಗಗಳನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ವಾಷರ್, ಓ-ರಿಂಗುಗಳ ಕಿಟ್ ಅಗ್ಗಕ್ಕೆ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡಬೇಕು. ಅವಕ್ಕೆ ಸವರಲು ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ತೆಳುವಾಗಿ ಸಾಕು. ವ್ಯಾಸಲಿನ್ ಹಚ್ಚಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಕೆಡುತ್ತದೆ. ಅಡುಗೆ ಎಣ್ಣೆಯಂತೂ ನೊರೆಯ ಹಗೆ. ಜಿಡ್ಡಿನ ಸೋಂಕಿದ್ದರೆ ಎಂಥ ಒಳ್ಳೆಯ ನಲ್ಲಿಯಿಂದ ಬಿಟ್ಟರೂ ಕೆನೆ ನಿಲ್ಲದು. ಗ್ಲಾಸು ತೊಳೆಯುವಾಗಲೂ ಇದೇ ಎಚ್ಚರ ಬೇಕು.

ಜೋಡಿಸಿದ ಮೇಲೆ ಮೊದಲು ನೀರು ತುಂಬಿದ ಕೆಗ್ಗಿನಿಂದ ಪರೀಕ್ಷೆ. ಮುಚ್ಚಿದಾಗಲೂ ಮೂತಿಯಿಂದ ತೊಟ್ಟಿಕ್ಕಿದರೆ ಸೀಟ್ ವಾಷರ್ ಸರಿಯಾಗಿ ಕೂತಿಲ್ಲ. ಹಿಡಿಯ ಬುಡದಲ್ಲಿ ಜಿನುಗಿದರೆ ಮೇಲಿನ ಬಳೆ ಸಡಿಲ, ಇಲ್ಲವೇ ಗುಂಡಿನ ವಾಷರ್ ಹಾಳು. ಧಾರೆ ಒಂದು ಕಡೆಗೆ ಚಿಮ್ಮಿದರೆ ಬಿಲ್ಲೆಯ ತೂತು ಕಟ್ಟಿದೆ. ಹಿಡಿ ತಾನಾಗಿ ಮುಂದಕ್ಕೆ ವಾಲಿದರೆ ಬಳೆಯನ್ನು ಸ್ವಲ್ಪ ಬಿಗಿ ಮಾಡಿದರಾಯಿತು. ಇಷ್ಟೆಲ್ಲ ಸರಿಯಿದ್ದೂ ಸ್ಟೌಟ್ ಸಪ್ಪೆಯಾಗಿ ಬಂದರೆ ತಪ್ಪು ನಲ್ಲಿಯದಲ್ಲ. ನೈಟ್ರೋಜನ್ ಇನ್ನೂ ಕರಗಿಲ್ಲ. ಕರಗಲೊಲ್ಲದ ಅನಿಲವದು, ಕೆಗ್ಗನ್ನು ತಣ್ಣಗಿಟ್ಟು ಒತ್ತಡದಲ್ಲಿ ಕೆಲವು ದಿನ ಬಿಡಬೇಕು, ಇಲ್ಲವೇ ಚೆನ್ನಾಗಿ ಕುಲುಕಬೇಕು.

ಯಾವುದು ಮೇಲು?

ಮನೆಗೆ ಸಿಗುವ ನೈಟ್ರೋ ನಲ್ಲಿಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕ್ರೋಮ್ ಲೇಪಿಸಿದ ಹಿತ್ತಾಳೆಯದು. ಹಳೆಯ ಪಬ್ಬುಗಳಿಂದ ಹೊರಬೀಳುವವು ಹೆಚ್ಚಾಗಿ ಇವೇ, ಬೆಲೆಯೂ ಕಡಿಮೆ. ಎರಡನೆಯದು ಅದೇ ವಿನ್ಯಾಸದ, ಪೂರ್ತಿ ಸ್ಟೇನ್‌ಲೆಸ್ ಸ್ಟೀಲಿನ ನಲ್ಲಿ. ಮೂರನೆಯದು ಮುಂಭಾಗದಲ್ಲಿ ಮುಚ್ಚಿಕೊಳ್ಳುವ, ಮೂತಿ ಬದಲಿಸಬಹುದಾದ ನಲ್ಲಿ. ಇಂಟರ್‌ಟ್ಯಾಪ್, ನುಕಾಟ್ಯಾಪ್ ಎಂಬ ಹೆಸರಿನವು ಈ ಜಾತಿಯವು. ಮಾಮೂಲಿ ಮೂತಿಯನ್ನು ತಿರುಗಿಸಿ ತೆಗೆದು ಸ್ಟೌಟಿನ ಮೂತಿ ಹಾಕಿಕೊಂಡರೆ ಅದೇ ನಲ್ಲಿ ನೈಟ್ರೋ ಆಗುತ್ತದೆ. ಅಮೆರಿಕದಲ್ಲಿ ಮೂರರ ಹಿಂಬದಿಯ ತಿರುಪೂ ಒಂದೇ ಅಳತೆಯದಾದ್ದರಿಂದ ಒಂದೇ ಜಾಗದಲ್ಲಿ ಮೂರನ್ನೂ ಕೂರಿಸಿ ನೋಡಬಹುದು. ಐರ್ಲೆಂಡ್, ಯುರೋಪಿನಿಂದ ಬಂದ ಹಳೆಯ ಪಬ್ ನಲ್ಲಿಗಳ ತಿರುಪು ಬೇರೆ. ಚೆಂದ ಕಂಡಿತೆಂದು ಕೊಂಡರೆ ಅಡಾಪ್ಟರಿಗಾಗಿ ಅಲೆಯಬೇಕಾಗುತ್ತದೆ.

ನ್ಯಾಯವಾದ ಹೋಲಿಕೆಗೆ ನಲ್ಲಿಯನ್ನು ಬಿಟ್ಟು ಬೇರೆಲ್ಲವೂ ಒಂದೇ ಇರಬೇಕು: ಕೆಗ್, ಒತ್ತಡ, ತಂಪು, ಗ್ಲಾಸು. ಮೊದಲ ಗ್ಲಾಸನ್ನು ಲೆಕ್ಕಕ್ಕೆ ಹಿಡಿಯಬಾರದು. ಬೆಚ್ಚಗಿದ್ದ ನಲ್ಲಿ ತಣ್ಣಗಾಗುವವರೆಗೆ ನೊರೆ ಹೆಚ್ಚೇ ಇರುತ್ತದೆ. ಗ್ಲಾಸನ್ನು 45 ಡಿಗ್ರಿ ಓರೆಯಾಗಿ ಹಿಡಿದು ಮುಕ್ಕಾಲು ತುಂಬಿಸಿ, ಕೆಳಗಿಟ್ಟು, ಮೋಡ ಇಳಿದ ಮೇಲೆ ಉಳಿದದ್ದನ್ನು ತುಂಬುವುದು ಪಬ್ಬಿನ ಕ್ರಮ. ಈ ಎರಡು ಹಂತಕ್ಕೆ ಗಿನ್ನೆಸ್‌ನವರು ಹೇಳುವ ಸಮಯ 119.5 ಸೆಕೆಂಡ್. ಪಬ್ಬಿನ ಗಿನ್ನೆಸ್ ನಲ್ಲಿಯಲ್ಲಿ ಮೊದಲ ಹಂತಕ್ಕೆ ಹಿಡಿಯನ್ನು ತಮ್ಮತ್ತ ಎಳೆಯುತ್ತಾರೆ, ಕೊನೆಯ ಹಂತಕ್ಕೆ ಹಿಂದಕ್ಕೆ ತಳ್ಳುತ್ತಾರೆ. ಆಗ ಧಾರೆ ಸಣ್ಣದಾಗಿ ಬೀಳುತ್ತದೆ. ಗ್ಲಾಸು ತುಂಬಲು ಹಿಡಿದ ಹೊತ್ತು, ನೊರೆಯ ಎತ್ತರ, ಐದು ನಿಮಿಷದ ನಂತರ ಉಳಿದ ನೊರೆ, ಈ ಮೂರನ್ನು ಬರೆದಿಟ್ಟುಕೊಂಡರೆ ಸಾಕು.

ಹೀಗೆ ಹೋಲಿಸುವಾಗ ಹಿತ್ತಾಳೆಯ ನಲ್ಲಿಯ ಬಿಲ್ಲೆಯನ್ನು ಅದೇ ಅಳತೆಯ ಸ್ಟೀಲ್ ನಲ್ಲಿಗೆ, ಅದರದ್ದನ್ನು ಇದಕ್ಕೆ ಹಾಕಿ ನೋಡುವುದು ಒಳ್ಳೆಯ ಉಪಾಯ. ನೊರೆಯನ್ನು ರೂಪಿಸುವುದು ಬಿಲ್ಲೆಯೇ ಹೊರತು ಅದರ ಸುತ್ತಲಿನ ಲೋಹವಲ್ಲ. ಚೊಕ್ಕವಾದ ಬಿಲ್ಲೆ, ಸರಿಯಾದ ವಾಷರ್ ಇದ್ದರೆ ಹಳೆಯ ಹಿತ್ತಾಳೆಯ ನಲ್ಲಿ ಹೊಸ ಸ್ಟೀಲಿನದಕ್ಕೆ ಸರಿಸಾಟಿಯಾಗಿ ಕೆನೆ ಕೊಡಬಲ್ಲದು. ಅಂದ ಮೇಲೆ ದುಬಾರಿ ನಲ್ಲಿಗೆ ಕೊಡುವ ಹೆಚ್ಚಿನ ಹಣ ಯಾತಕ್ಕೆ?

ಸುರಿಯದೆ ಇರುವ ಹೊತ್ತಿಗೆ. ಮನೆಯ ನಲ್ಲಿ ದಿನದ ಬಹುಪಾಲು ಸುಮ್ಮನೆ ಇರುತ್ತದೆ. ಹಳೆಯ ವಿನ್ಯಾಸದಲ್ಲಿ ಬಿಯರನ್ನು ತಡೆಯುವ ಸೀಟ್ ವಾಷರ್ ಇರುವುದು ನಲ್ಲಿಯ ಬೆನ್ನಲ್ಲಿ. ಅದರ ಮುಂದಿನ ಇಡೀ ಒಡಲು ಗಾಳಿಗೆ ತೆರೆದಿರುತ್ತದೆ. ಸುರಿದ ಮೇಲೆ ಅಲ್ಲಿ ಉಳಿದ ಬಿಯರ್ ಒಣಗಿ ಅಂಟಾಗುತ್ತದೆ, ಮಾರನೆಯ ದಿನ ಹಿಡಿ ಜಗ್ಗಿದರೂ ಅಲ್ಲಾಡುವುದಿಲ್ಲ, ಲೋಳೆಗೂ ಬೂಷ್ಟಿಗೂ ಮನೆಯಾಗುತ್ತದೆ. ಮುಂಭಾಗದಲ್ಲಿ ಮುಚ್ಚಿಕೊಳ್ಳುವ ನಲ್ಲಿಯಲ್ಲಿ ಒಡಲು ಬಿಯರಿನಿಂದ ತುಂಬಿಯೇ ಇರುತ್ತದೆ, ಗಾಳಿಗೆ ತೆರೆದಿರುವುದು ಮೂತಿ ಮಾತ್ರ. ಆದರೆ ನೈಟ್ರೋ ನಲ್ಲಿಯಲ್ಲಿ ಬಿಲ್ಲೆ ಕೂತಿರುವುದೂ ಆ ಮೂತಿಯಲ್ಲೇ. ಹೀಗಾಗಿ ಯಾವ ನಲ್ಲಿಯಾದರೂ ಬಿಲ್ಲೆ ತೊಳೆಯುವ ಕೆಲಸ ತಪ್ಪುವುದಿಲ್ಲ. ಮೂತಿ ಕೈಯಲ್ಲೇ ಬಿಚ್ಚುವಂತಿದ್ದರೆ ಆ ಕೆಲಸ ಹಗುರ, ಅಷ್ಟೇ.

ಇನ್ನು ಲೋಹದ ಮಾತು. ಬಿಯರಿನ ಪಿಎಚ್ 4ರ ಆಸುಪಾಸು, ಹುಳಿ ಪದಾರ್ಥ. ಕ್ರೋಮ್ ಲೇಪನ ಹೊರಗೆ ಫಳಫಳ ಹೊಳೆಯುತ್ತಿದ್ದರೂ ಬ್ರಷ್ಷು, ಕ್ಷಾರ, ಆಮ್ಲ ತಾಗಿ ತಾಗಿ ಒಳಗೆ ಸವೆಯುತ್ತದೆ. ಮೂತಿಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಹಳದಿ ಬಣ್ಣ ಇಣುಕಿದರೆ ಬಿಯರ್ ಹಿತ್ತಾಳೆಯನ್ನೇ ಮುಟ್ಟುತ್ತಿದೆ ಎಂದರ್ಥ. ಲೋಹದ ರುಚಿ ಇಳಿಯುತ್ತದೆ, ಹಳೆಯ ಹಿತ್ತಾಳೆಯಲ್ಲಿ ಸೀಸವೂ ಇರಬಹುದು. ಅಂಥ ನಲ್ಲಿಗೆ ರಿಪೇರಿಯ ಮಾತು ಮುಗಿಯಿತು, ಶೋಕೇಸಿಗೆ ಏರಿಸಬಹುದು. ಸ್ಟೀಲಿಗೆ ಈ ತಲೆನೋವಿಲ್ಲ.

ಪಬ್ಬುಗಳಿಗೆ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಹೇಳುವ ಕ್ರಮ ಹದಿನಾಲ್ಕು ದಿನಕ್ಕೊಮ್ಮೆ ಕ್ಷಾರದಿಂದ ಕೊಳವೆ ತೊಳೆದು, ನಲ್ಲಿ ಬಿಚ್ಚಿ ಶುಚಿ ಮಾಡುವುದು, ಮೂರು ತಿಂಗಳಿಗೊಮ್ಮೆ ಆಮ್ಲ ಹಾಯಿಸುವುದು. ಮನೆಗೂ ಅದೇ ಸರಿ. ಕೊಳವೆಗೆ ಕ್ಲೀನರ್ ಹಾಯಿಸುವಾಗ ಬಿಲ್ಲೆ ತೆಗೆದಿರಬೇಕು, ಇಲ್ಲವಾದರೆ ಹರಿವಿನ ರಭಸ ಸಾಲದೆ ಕೊಳಕು ಏಳುವುದಿಲ್ಲ.

ಚಿಕ್ಕಮಗಳೂರಿನ ಕಾಫಿಗೂ ಇದೇ ನಲ್ಲಿ

ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ. 1965ರ ಅಬಕಾರಿ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ. ಆದರೆ ಈ ನಲ್ಲಿ ಬರೀ ಬಿಯರಿನ ಸ್ವತ್ತಲ್ಲ. ಅಮೆರಿಕದ ಕಾಫಿ ಅಂಗಡಿಗಳು ಕಳೆದ ದಶಕದಲ್ಲಿ ಕೋಲ್ಡ್ ಬ್ರೂ ಕಾಫಿಯನ್ನು ನೈಟ್ರೋಜನ್ ತುಂಬಿ ಇದೇ ನಲ್ಲಿಯಿಂದ ಕೊಡತೊಡಗಿದವು. 2016ರಲ್ಲಿ ಸ್ಟಾರ್‌ಬಕ್ಸ್ ಕೂಡ ಅದನ್ನು ತನ್ನ ಪಟ್ಟಿಗೆ ಸೇರಿಸಿತು. ಹಾಲು ಹಾಕದ ಕಪ್ಪು ಕಾಫಿಯ ಮೇಲೆ ಸ್ಟೌಟಿನದೇ ಕೆನೆ, ಅದೇ ಇಳಿಯುವ ಮೋಡ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ನಾಡಿಗೆ ಇದು ಹೊಂದುವ ಪ್ರಯೋಗ. ಕಾಫಿಗೆ ಇಂಗಾಲದ ಡೈಆಕ್ಸೈಡ್ ಬೆರೆತರೆ ಹುಳಿಯಾಗುವುದರಿಂದ ಇಲ್ಲಿ ಶುದ್ಧ ನೈಟ್ರೋಜನ್ ಮಾತ್ರ ಬಳಕೆ. ತೊಳೆಯುವ ವಿಷಯದಲ್ಲಿ ಬಿಯರಿಗಿಂತ ಹೆಚ್ಚು ಕಟ್ಟುನಿಟ್ಟು ಬೇಕು. ಬಿಯರಿಗೆ ಆಲ್ಕೊಹಾಲು, ಹುಳಿ, ಹಾಪ್ಸುಗಳ ಕಾವಲಿದೆ, ಕಾಫಿಗೆ ಅದಾವುದೂ ಇಲ್ಲ. ಕಾಫಿಯ ಪಿಎಚ್ 4.6ಕ್ಕಿಂತ ಮೇಲೆ. ಆಮ್ಲಜನಕವಿಲ್ಲದ ಕೆಗ್ಗಿನಲ್ಲಿ, ತಂಪು ತಪ್ಪಿದರೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಕೆಗ್ ಸದಾ 4 ಡಿಗ್ರಿಯ ಒಳಗಿರಬೇಕು, ಕಾಫಿಯನ್ನು ಬೇಗ ಮುಗಿಸಬೇಕು.

ಕೊನೆಗೆ ಆಯ್ಕೆ ಅವರವರ ಬಳಕೆಗೆ ಬಿಟ್ಟದ್ದು. ದಿನವೂ ಸುರಿದು, ನಿಯಮದಂತೆ ತೊಳೆಯುವವರಿಗೆ ಲೇಪನ ಗಟ್ಟಿಯಿರುವ ಹಳೆಯ ಹಿತ್ತಾಳೆಯ ನಲ್ಲಿಯೇ ಧಾರಾಳ. ವಾರಾಂತ್ಯಕ್ಕಷ್ಟೇ ಹಿಡಿ ಎಳೆಯುವವರು ಮುಂಭಾಗದಲ್ಲಿ ಮುಚ್ಚಿಕೊಳ್ಳುವ ಸ್ಟೀಲಿನದಕ್ಕೆ ಹಣ ಹಾಕಿದರೆ ನಷ್ಟವಿಲ್ಲ. ಇವೆರಡರ ನಡುವಿನವರಿಗೆ ಹಳೆಯ ವಿನ್ಯಾಸದ ಸ್ಟೀಲ್ ನಲ್ಲಿ ಇದೆ. ಯಾವುದನ್ನೇ ಆರಿಸಿದರೂ ಅಂಗಡಿಯವರನ್ನು ಒಂದು ಮಾತು ಕೇಳಿ ದುಡ್ಡು ಕೊಡುವುದು ಒಳ್ಳೆಯದು: ಇದರ ಬಿಲ್ಲೆ, ವಾಷರ್ ಬಿಡಿಯಾಗಿ ಸಿಗುತ್ತವೆಯೇ? ಸಿಗುವುದಿಲ್ಲವೆಂದರೆ ಎಷ್ಟೇ ಹೊಳೆಯಲಿ, ಅದನ್ನು ಅಲ್ಲೇ ಬಿಟ್ಟು ಬರುವುದೇ ಲಾಭ.